ರೋಸ್ಟರ್ ಸರಿ ಮಾಡಿದ ಮೇಲೆ ನಮ್ಮ ಟೀಮ್ ಬದಲಾಗಿದ್ದು: ನನ್ನ ಅನುಭವ

ನಾನು ಒಂದು ಕಸ್ಟಮರ್ ಸಪೋರ್ಟ್ ಟೀಮ್‌ನ ಲೀಡ್. 14 ಜನ, ದಿನವಿಡೀ ಫೋನ್ ಕಾಲ್. ಒಂದು ಸಲ ನಾಲ್ಕೇ ತಿಂಗಳಲ್ಲಿ ಐದು ಜನ ಕೆಲಸ ಬಿಟ್ರು, ಎಲ್ಲರೂ ಬರೆದು ಕೊಟ್ಟಿದ್ದು ಒಂದೇ, "ವೈಯಕ್ತಿಕ ಕಾರಣ". ಉಳಿದವರು ಬರ್ತಿದ್ರು, ಕಾಲ್ ತಗೋತಿದ್ರು, ಹೋಗ್ತಿದ್ರು, ಮೀಟಿಂಗಲ್ಲಿ ಒಬ್ರೂ ಬಾಯಿ ಬಿಡ್ತಿರ್ಲಿಲ್ಲ. ಮೇಲಿನಿಂದ ಹೇಳಿದ್ರು ಅಂತ ಶುಕ್ರವಾರ ಗೇಮ್ಸ್ ಮಾಡಿದ್ವಿ, ಗೋಡೆಗೆ ತಿಂಗಳ ಬೆಸ್ಟ್ ಎಂಪ್ಲಾಯಿ ಫೋಟೋ ಹಾಕಿದ್ವಿ. ಆ ಒಂದು ಗಂಟೆ ಎಲ್ಲ ನಗ್ತಿದ್ರು, ಸೋಮವಾರ ಮತ್ತೆ ಅದೇ ಬಾಡಿದ ಮುಖ.

ಆಮೇಲೆ ನಾನು ಎರಡು ವಾರ ಅವರ ಸಾಲಲ್ಲೇ ಕೂತೆ, ಅದೇ ಹೆಡ್‌ಸೆಟ್, ಅದೇ ಶಿಫ್ಟ್. ಮೂರನೇ ದಿನಕ್ಕೇ ಗೊತ್ತಾಯ್ತು. ಒಬ್ಬ ಕಸ್ಟಮರ್ ಹದಿನೈದು ನಿಮಿಷ ಬೈದು ಫೋನ್ ಇಟ್ಟ ಹತ್ತು ಸೆಕೆಂಡಿಗೆ ಮುಂದಿನ ಕಾಲ್ ತಾನಾಗೇ ಬಂದು ಬೀಳುತ್ತೆ, ಗಂಟಲು ಸರಿ ಮಾಡ್ಕೊಳ್ಳೋಕೂ ಟೈಮ್ ಇಲ್ಲ, ಎದ್ದು ಹೋಗ್ಬೇಕು ಅಂದ್ರೆ ಚಾಟಲ್ಲಿ ನನ್ನ ಪರ್ಮಿಷನ್ ಕೇಳ್ಬೇಕು. ದೊಡ್ಡವರು ಬಾತ್‌ರೂಮಿಗೆ ಹೋಗೋಕೆ ನನ್ನನ್ನ ಕೇಳ್ತಿದ್ರು, ಅದು ನನಗೆ ಅಲ್ಲೀವರೆಗೆ ತಪ್ಪು ಅಂತಾನೇ ಅನ್ಸಿರ್ಲಿಲ್ಲ, ಈಗ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. ನಾಲ್ಕು ಸೀಟಿನ ಮೇಲೆ ಎಸಿ ಗಾಳಿ ನೇರ ಹೊಡೀತಿತ್ತು, ಆ ನಾಲ್ಕು ಜನಕ್ಕೇ ಪದೇಪದೇ ತಲೆನೋವು ಅಂತ ರಜೆ.

ಆದ್ರೆ ಎಲ್ಲಕ್ಕಿಂತ ಕೆಟ್ಟದ್ದು ರೋಸ್ಟರ್, ಅಂದ್ರೆ ಯಾರಿಗೆ ಯಾವಾಗ ಶಿಫ್ಟ್ ಅನ್ನೋ ಪಟ್ಟಿ. ಮುಂದಿನ ವಾರದ ಶಿಫ್ಟ್ ಶನಿವಾರ ಸಂಜೆ ಗೊತ್ತಾಗ್ತಿತ್ತು, ರಾತ್ರಿ ಹತ್ತಕ್ಕೆ ಮುಗಿಸಿದವರು ಬೆಳಿಗ್ಗೆ ಏಳಕ್ಕೆ ವಾಪಸ್ ಬರ್ಬೇಕು. ಮಗೂನ ಡಾಕ್ಟರ ಹತ್ರ ಕರ್ಕೊಂಡು ಹೋಗೋದು, ಒಂದು ಮದುವೆಗೆ ಬರ್ತೀನಿ ಅಂತ ಹೇಳೋದು, ಯಾವುದನ್ನೂ ಅವರು ಮುಂಚೆ ಗಟ್ಟಿಯಾಗಿ ಹೇಳೋ ಹಾಗಿರ್ಲಿಲ್ಲ. "ವೈಯಕ್ತಿಕ ಕಾರಣ" ಅಂದ್ರೆ ಇದೇ ಅಂತ ಆಗ ಅರ್ಥ ಆಯ್ತು.

1979ರಲ್ಲಿ ರಾಬರ್ಟ್ ಕರಾಸೆಕ್ ಅನ್ನೋ ಸಂಶೋಧಕರು ಇದನ್ನೇ ಬರೆದಿದ್ದಾರೆ, ಕೆಲಸದ ಒತ್ತಡ ಜಾಸ್ತಿ ಇದ್ದು ಅದರ ಮೇಲೆ ಹಿಡಿತ ಮಾತ್ರ ತನ್ನ ಕೈಯಲ್ಲಿ ಇಲ್ದಿದ್ದಾಗ ಮನುಷ್ಯ ಹೆಚ್ಚು ಕುಗ್ಗೋದು ಅಂತ. ಕಾಲ್ ಕಮ್ಮಿ ಮಾಡೋಕೆ ನನ್ನಿಂದ ಆಗಲ್ಲ, ಹಿಡಿತ ಕೊಡೋಕೆ ಆಗುತ್ತಲ್ಲ. ಅಲ್ಲಿಂದ ಶುರು ಮಾಡಿದೆ.

ರೋಸ್ಟರ್ ಮೂರು ವಾರ ಮುಂಚೆ ಹಾಕೋದು, ಒಬ್ಬರಿಗೊಬ್ಬರು ಶಿಫ್ಟ್ ಬದಲಾಯಿಸ್ಕೊಂಡ್ರೆ ನನಗೆ ತಿಳಿಸಿದ್ರೆ ಸಾಕು, ಕೇಳೋದು ಬೇಡ. ಎರಡು ಶಿಫ್ಟ್ ಮಧ್ಯೆ ಕನಿಷ್ಠ 11 ಗಂಟೆ, ಈ ಲೆಕ್ಕ ನಾನು ಯುರೋಪಿಯನ್ ಯೂನಿಯನ್ ಕೆಲಸದ ಅವಧಿ ನಿಯಮದಿಂದ ಎತ್ಕೊಂಡಿದ್ದು. ಕೆಟ್ಟ ಕಾಲ್ ಆದ್ಮೇಲೆ ಒಂದು ಬಟನ್ ಒತ್ತಿ ಐದು ನಿಮಿಷ ಲೈನ್ ಆಫ್ ಮಾಡ್ಕೋಬಹುದು, ಕಾರಣ ಹೇಳೋದೂ ಬೇಡ. ಎಸಿ ಗಾಳಿ ತಿರುಗಿಸೋಕೆ ಒಂದು ಮಧ್ಯಾಹ್ನ ಸಾಕಾಯ್ತು, ಇಷ್ಟು ದಿನ ಯಾರೂ ಕೇಳಿರ್ಲಿಲ್ಲ ಅಷ್ಟೇ.

ಮ್ಯಾನೇಜ್ಮೆಂಟ್ ಒಪ್ಪೋಕೆ ಟೈಮ್ ತಗೊಂಡ್ತು. ಜನ ಬಟನ್ ದುರುಪಯೋಗ ಮಾಡ್ತಾರೆ ಅಂದ್ರು, ಕೆಲವರಿಗೆ ಯೋಗ ಕ್ಲಾಸ್ ಸಾಕು ಅಂದ್ರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಐಸಿಡಿ-11 ಅನ್ನೋ ಕಾಯಿಲೆಗಳ ಪಟ್ಟಿಯಲ್ಲಿ ಬರ್ನ್‌ಔಟ್‌ನ ಅಂದ್ರೆ ಕೆಲಸದಿಂದ ಪೂರ್ತಿ ಬಳಲಿ ಹೋಗೋದನ್ನ ಕಾಯಿಲೆ ಅಂತ ಹಾಕಿಲ್ಲ, ಕೆಲಸದ ಜಾಗದಲ್ಲಿ ಬಹಳ ದಿನ ನಿಭಾಯಿಸದೆ ಬಿಟ್ಟ ಒತ್ತಡದಿಂದ ಬರೋದು ಅಂತ ಹೇಳಿದೆ, ಅದನ್ನ ತೋರಿಸಿ ಹಾಗಾದ್ರೆ ರಿಪೇರಿ ಆಗ್ಬೇಕಾಗಿದ್ದು ಕೆಲಸ, ಜನ ಅಲ್ಲ ಅಂತ ಹೇಳಿದೆ. ಮೂರು ತಿಂಗಳು ಟ್ರಯಲ್ ಕೊಟ್ರು.

ಮೊದಲ ತಿಂಗಳು ಒಂದೊಂದು ಕಾಲ್‌ಗೆ ಹಿಡಿಯೋ ಟೈಮ್ ಸ್ವಲ್ಪ ಜಾಸ್ತಿ ಆಯ್ತು, ನನಗೂ ಭಯ ಆಯ್ತು. ಆಮೇಲೆ ನೋಡಿದ್ರೆ ಅದೇ ಸಮಸ್ಯೆಗೆ ಮತ್ತೆ ಮತ್ತೆ ಫೋನ್ ಮಾಡೋ ಕಸ್ಟಮರ್ ಕಮ್ಮಿ ಆಗಿದ್ರು, ಯಾಕಂದ್ರೆ ಇವರು ಪೂರ್ತಿ ಕೇಳಿಸ್ಕೊಂಡು ಬಗೆಹರಿಸ್ತಿದ್ರು. ಬಟನ್ನು ದಿನಕ್ಕೆ ಒಂದೆರಡು ಸಲ ಬಿಟ್ರೆ ಯಾರೂ ಒತ್ತುತಿರ್ಲಿಲ್ಲ. ಒಂದು ವರ್ಷ ಮಾತೇ ಆಡದಿದ್ದ ಒಬ್ಬಳು ಮೀಟಿಂಗಲ್ಲಿ ಎದ್ದು, "ಸರ್, ರಿಫಂಡ್ ಕಾಲ್‌ಗೆ ನಾವು ಹೇಳೋ ಸ್ಕ್ರಿಪ್ಟೇ ತಪ್ಪಿದೆ, ಅದಕ್ಕೇ ಜನ ಬೈಯೋದು" ಅಂದ್ಲು. ಅವಳೇ ಬರೆದು ಕೊಟ್ಟ ಸ್ಕ್ರಿಪ್ಟನ್ನೇ ಇವತ್ತಿಗೂ ಬಳಸ್ತಿದ್ದೀವಿ.

ನೈಟ್ ಶಿಫ್ಟ್ ಮಾತ್ರ ಇನ್ನೂ ಸರಿಯಾಗಿಲ್ಲ, ರಾತ್ರಿ ಇಬ್ಬರೇ ಇರ್ತಾರೆ, ಒಬ್ರು ಲೈನ್ ಆಫ್ ಮಾಡಿದ್ರೆ ಎಲ್ಲ ಕಾಲ್ ಇನ್ನೊಬ್ಬರ ತಲೆ ಮೇಲೆ. ಮೂರನೆಯವರು ಬೇಕು ಅಂತ ಎರಡು ಸಲ ಬರೆದು ಕೊಟ್ಟಿದ್ದೀನಿ. ಈ ವಾರ ಮತ್ತೆ ಕೊಡ್ತಿದ್ದೀನಿ, ಈ ಸಲ ರಾತ್ರಿ ಕೂತವರು ತಮ್ಮ ಕೈಯಾರೆ ಬರೆದ ಪತ್ರದ ಜೊತೆ.