ರೆಕ್ಸಮ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ: ರೇಸ್‌ಕೋರ್ಸ್ ಮೈದಾನ ಮತ್ತು ಸುತ್ತಲಿನ ತಾಣಗಳು

ಉತ್ತರ ವೇಲ್ಸ್‌ನ ರೆಕ್ಸಮ್‌ಗೆ ಬಂದು ನೆಲೆಸುವ ಕುಟುಂಬಗಳು ಬಾಡಿಗೆ ಮನೆ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ ಇವುಗಳ ಓಡಾಟ ಮುಗಿಸಿದ ಮೇಲೆ ಊರನ್ನು ಅರಿಯಲು ಎಲ್ಲಿಂದ ತೊಡಗಬೇಕೆಂದು ನಮ್ಮ ಸಂಘವನ್ನು ಕೇಳುವುದುಂಟು. ರೇಸ್‌ಕೋರ್ಸ್ ಫುಟ್‌ಬಾಲ್ ಮೈದಾನದಿಂದ ತೊಡಗಿ ಎಂಬುದು ನಮ್ಮ ಉತ್ತರ. ಆಟದಲ್ಲಿ ಆಸಕ್ತಿ ಇಲ್ಲದವರಿಗೂ ಇದನ್ನೇ ಹೇಳುತ್ತೇವೆ. ಸಹೋದ್ಯೋಗಿಗಳಾಗಲಿ, ಶಾಲೆಯ ಗೇಟಿನಲ್ಲಿ ಸಿಗುವ ಪೋಷಕರಾಗಲಿ, ಪಕ್ಕದ ಮನೆಯ ಹಿರಿಯರಾಗಲಿ, ಇಲ್ಲಿನವರು ಹೊಸಬರೊಡನೆ ಸಂಕೋಚವಿಲ್ಲದೆ ಮಾತಿಗಿಳಿಯುವುದು ಪಂದ್ಯದ ವಿಷಯದಲ್ಲಿಯೇ.

2021ರಲ್ಲಿ ನಟರಾದ ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮೆಕೆಲ್ಹೆನಿ ಈ ಮೈದಾನದಲ್ಲಿ ಆಡುವ ರೆಕ್ಸಮ್ ಫುಟ್‌ಬಾಲ್ ಕ್ಲಬ್ಬನ್ನು ಕೊಂಡುಕೊಂಡರು. 2023, 2024 ಮತ್ತು 2025ರಲ್ಲಿ ತಂಡ ಸತತವಾಗಿ ಮೂರು ಬಾರಿ ಮೇಲಿನ ದರ್ಜೆಗೆ ಏರಿ ಲೋಕಪ್ರಸಿದ್ಧವಾಯಿತು. ಆದರೆ ಕ್ಲಬ್ ಹುಟ್ಟಿದ್ದು 1864ರಲ್ಲಿ, ಮೈದಾನದ ಮೂಲೆಯಲ್ಲಿ ಇಂದಿಗೂ ಇರುವ ಟರ್ಫ್ ಎಂಬ ಪಬ್ಬಿನಲ್ಲಿ. ವೇಲ್ಸ್ ರಾಷ್ಟ್ರೀಯ ತಂಡ ತವರಿನಲ್ಲಿ ಮೊದಲ ಪಂದ್ಯವನ್ನು 1877ರಲ್ಲಿ ಈ ನೆಲದ ಮೇಲೆಯೇ ಆಡಿತು. ಅಂತರರಾಷ್ಟ್ರೀಯ ಪಂದ್ಯಗಳಿಗೆ ಇನ್ನೂ ಬಳಕೆಯಲ್ಲಿರುವ ಜಗತ್ತಿನ ಅತ್ಯಂತ ಹಳೆಯ ಫುಟ್‌ಬಾಲ್ ಮೈದಾನವೆಂಬ ಗಿನ್ನೆಸ್ ಮನ್ನಣೆ ಇದಕ್ಕಿದೆ. ನಟರ ಹೆಸರಿಗಿಂತ ಈ ಹಳೆಯ ಸಂಗತಿಗಳನ್ನು ಕೇಳಿ ತಿಳಿಯುವವರ ಬಗ್ಗೆ ಊರಿನವರಿಗೆ ಹೆಚ್ಚು ಅಭಿಮಾನ.

ಟಿಕೆಟ್ ಸಿಗುವುದು ಈಗ ಸುಲಭವಲ್ಲ. ಬಹುಪಾಲು ಆಸನಗಳು ಇಡೀ ಋತುವಿನ ಟಿಕೆಟ್ ಪಡೆದವರಿಗೆ ಹೋಗುತ್ತವೆ, ಉಳಿದವುಗಳಿಗೆ ಸದಸ್ಯರದ್ದೇ ಮೊದಲ ಸರದಿ. ಆದ್ದರಿಂದ ಆಗಸ್ಟ್‌ನಿಂದ ಮೇ ತಿಂಗಳವರೆಗಿನ ಋತುವಿನಲ್ಲಿ ಒಂದೆರಡು ಪಂದ್ಯವನ್ನಾದರೂ ನೋಡಬೇಕೆನ್ನುವವರು ಋತು ಆರಂಭವಾಗುವ ಮೊದಲೇ ಕ್ಲಬ್ಬಿನ ಸದಸ್ಯತ್ವ ಪಡೆಯುವುದು ಒಳ್ಳೆಯದು. ಬೇರೆಯವರಿಂದ ದುಬಾರಿ ಬೆಲೆಗೆ ಟಿಕೆಟ್ ಕೊಳ್ಳಲೇಬೇಡಿ. ಅನಧಿಕೃತ ಮರುಮಾರಾಟ ಇಲ್ಲಿ ಅಪರಾಧ, ಅಂಥ ಟಿಕೆಟ್ ಹಿಡಿದು ಬಂದವರನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸಬಹುದು. ಚಿಕ್ಕ ಮಕ್ಕಳಿರುವ ಮನೆಯವರಿಗೆ ಮಹಿಳಾ ತಂಡದ ಪಂದ್ಯವನ್ನು ನಾವು ಮನಸಾರೆ ಸೂಚಿಸುತ್ತೇವೆ. ಅಲ್ಲಿ ನೂಕುನುಗ್ಗಲು ಕಡಿಮೆ, ಮಕ್ಕಳು ಆಟವನ್ನು ತೀರಾ ಹತ್ತಿರದಿಂದ ನೋಡಬಹುದು.

ರೆಕ್ಸಮ್ ಜನರಲ್ ರೈಲು ನಿಲ್ದಾಣದಿಂದ ಮೈದಾನಕ್ಕೆ ಕೆಲವೇ ನಿಮಿಷಗಳ ನಡಿಗೆ. ಪಂದ್ಯದ ದಿನ ಮೋಲ್ಡ್ ರಸ್ತೆಯ ಸುತ್ತ ಕಾರು ನಿಲ್ಲಿಸಲು ಜಾಗ ಹುಡುಕುವುದು ಕಷ್ಟವಾದುದರಿಂದ, ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಹಾದಿಯ ಚೆಸ್ಟರ್‌ನಲ್ಲಿ ವಾಸಿಸುವವರೂ ರೈಲಿನಲ್ಲಿ ಬರುವುದೇ ಲೇಸು. ಶನಿವಾರದ ಪಂದ್ಯ ವಾಡಿಕೆಯಂತೆ ಮಧ್ಯಾಹ್ನ 3 ಗಂಟೆಗೆ, ಆದರೆ ಟಿವಿ ಪ್ರಸಾರಕ್ಕಾಗಿ ದಿನವೂ ವೇಳೆಯೂ ಬದಲಾಗುತ್ತವೆ. ದೊಡ್ಡ ಚೀಲಗಳನ್ನು ಒಳಗೆ ಬಿಡುವುದಿಲ್ಲ. ಮಗ ಅಥವಾ ಮಗಳು ಬೇರೆ ಕ್ಲಬ್ಬಿನ ಅಂಗಿ ತೊಟ್ಟು ಹೊರಟರೆ ಮನೆಯಲ್ಲಿಯೇ ಬದಲಾಯಿಸಿ. ತವರು ಅಭಿಮಾನಿಗಳ ಸ್ಟ್ಯಾಂಡಿನಲ್ಲಿ ಎದುರಾಳಿಯ ಬಣ್ಣಕ್ಕೆ ಅವಕಾಶವಿಲ್ಲ, ಕೆಂಪು ಬಟ್ಟೆಯಾದರೆ ಯಾವ ತೊಡಕೂ ಇಲ್ಲ. ಮದ್ಯದ ಬಗ್ಗೆ ಕೆಲವು ಕುಟುಂಬಗಳು ಅಳುಕುತ್ತವೆ. ಮೈದಾನ ಕಾಣುವಂತೆ ಆಸನದಲ್ಲಿ ಕುಳಿತು ಕುಡಿಯುವುದನ್ನು 1985ರ ಕಾನೂನು ನಿಷೇಧಿಸಿರುವುದರಿಂದ ಆ ಭಯ ಬೇಡ. ಬೈಗುಳದ ಘೋಷಣೆಗಳು ಮಾತ್ರ ಕಿವಿಗೆ ಬಿದ್ದೇ ಬೀಳುತ್ತವೆ. ಅಕ್ಟೋಬರ್ ಕಳೆದ ಮೇಲೆ ಎರಡು ಗಂಟೆ ಕುಳಿತಿರಲು ಬೇಕಾಗುವಷ್ಟು ಬೆಚ್ಚನೆಯ ಉಡುಪು, ಕಾಲುಚೀಲ, ಟೋಪಿ ಮಕ್ಕಳಿಗೆ ಕಡ್ಡಾಯವಾಗಿ ಇರಲಿ.

ಮೈದಾನದಿಂದ ಊರೊಳಗೆ ನಡೆದರೆ ಸೇಂಟ್ ಗೈಲ್ಸ್ ಚರ್ಚಿನ ಎತ್ತರದ ಗೋಪುರ ಕಾಣುತ್ತದೆ. ಅದರ ಅಂಗಳದಲ್ಲಿರುವ ಎಲಿಹು ಯೇಲ್‌ನ ಸಮಾಧಿಯನ್ನು ಭಾರತದಿಂದ ಬಂದವರು ತಪ್ಪದೆ ನೋಡಬೇಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಬಂದದ್ದು ಈತನ ಕೊಡುಗೆಯಿಂದ. ಆ ಸಂಪತ್ತನ್ನು ಈತ ಗಳಿಸಿದ್ದು ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದಾಗ. 1687ರಿಂದ 1692ರವರೆಗೆ ಅಲ್ಲಿನ ಮುಖ್ಯಸ್ಥನಾಗಿದ್ದ ಈತನ ಕಾಲದಲ್ಲಿ ಕಂಪನಿಯ ಹಡಗುಗಳಲ್ಲಿ ಗುಲಾಮರ ಸಾಗಣೆಯೂ ನಡೆಯಿತು, ಸ್ವಂತ ಲಾಭ ಮಾಡಿಕೊಂಡ ಆರೋಪದಿಂದ ಹುದ್ದೆಯೂ ಹೋಯಿತು. ಮುಂದೆ ನಮ್ಮ ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಅದೇ ಮದ್ರಾಸ್ ಆಡಳಿತಕ್ಕೆ ಸೇರಿದವು. ದೊಡ್ಡ ಮಕ್ಕಳಿಗೆ ಈ ಸಮಾಧಿಯ ಬಳಿ ನಿಂತು ಇತಿಹಾಸವನ್ನು ಹೇಳಿ, ಅದರ ಕಹಿಯನ್ನೂ ಬಿಡದೆ ಹೇಳಿ.

ಊರಿನ ಉತ್ತರಕ್ಕಿರುವ ಗ್ರೆಸ್‌ಫರ್ಡ್‌ನಲ್ಲಿ 1934ರ ಸೆಪ್ಟೆಂಬರ್ 22ರಂದು ಕಲ್ಲಿದ್ದಲ ಗಣಿ ಸ್ಫೋಟಗೊಂಡು 266 ಮಂದಿ ಸತ್ತರು. ಬಹುತೇಕರ ದೇಹಗಳು ಇಂದಿಗೂ ನೆಲದಡಿಯಲ್ಲಿಯೇ ಇವೆ. ಅದು ಶನಿವಾರ. ಮಧ್ಯಾಹ್ನದ ಪಂದ್ಯ ನೋಡಲೆಂದು ಪಾಳಿ ಬದಲಿಸಿಕೊಂಡು ರಾತ್ರಿಯೇ ಗಣಿಗಿಳಿದವರು ಅವರಲ್ಲಿ ಅನೇಕರಿದ್ದರೆಂದು ಊರಿನಲ್ಲಿ ಹೇಳುತ್ತಾರೆ. ಗಣಿಯ ದೊಡ್ಡ ಚಕ್ರವೇ ಅಲ್ಲಿ ಸ್ಮಾರಕವಾಗಿ ನಿಂತಿದೆ. ಅದನ್ನು ನೋಡಿ ಬಂದವರಿಗೆ ಮೈದಾನದ ಕೂಗಿನ ಹಿಂದಿನ ಭಾವ ತಾನಾಗಿ ತಿಳಿಯುತ್ತದೆ.

ಇಡೀ ದಿನ ಬಿಡುವಿದ್ದರೆ ಎರಡು ಜಾಗಗಳಿವೆ. ದಕ್ಷಿಣಕ್ಕೆ ಎರಡು ಮೈಲಿ ದೂರದ ಅರ್ಡಿಗ್ ಬಂಗಲೆಯಲ್ಲಿ ಒಡೆಯರು ತಮ್ಮ ಮನೆಗೆಲಸದವರ ಚಿತ್ರಗಳನ್ನು ಬರೆಸಿ, ಅವರ ಮೇಲೆ ಪದ್ಯ ಕಟ್ಟಿ ಗೋಡೆಗೆ ಹಾಕಿಸಿದ್ದಾರೆ. ಅಜ್ಜ ಅಜ್ಜಿ ಊರಿನಿಂದ ಬಂದಿರುವಾಗ ನಿಧಾನವಾಗಿ ನೋಡಲು ಇದು ತಕ್ಕದ್ದು. ಇನ್ನೊಂದು, ಲಾಂಗೊಲ್ಲೆನ್ ದಾರಿಯ ಪೊಂಟ್‌ಕಸುಲ್ತೆ ಕಾಲುವೆ ಸೇತುವೆ. ಡೀ ನದಿಯ ಮೇಲೆ ಸುಮಾರು 38 ಮೀಟರ್ ಎತ್ತರದಲ್ಲಿ ಎರಕದ ಕಬ್ಬಿಣದ ತೊಟ್ಟಿಯೊಳಗೆ ದೋಣಿಗಳು ಸಾಗುವ ಈ ಸೇತುವೆ 1805ರಲ್ಲಿ ತೆರೆಯಿತು, 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಾಲುದಾರಿಯ ಬದಿಗೆ ಕಂಬಿಗಳಿವೆ, ನೀರಿನ ಆಚೆ ಬದಿಗೆ ಏನೂ ಇಲ್ಲ, ದಾರಿಯೂ ಕಿರಿದು. ನಡೆಯುವ ಮಕ್ಕಳ ಕೈಯನ್ನು ಸೇತುವೆ ದಾಟುವವರೆಗೂ ಬಿಡಬೇಡಿ, ಎತ್ತರಕ್ಕೆ ಅಂಜುವವರು ಈಚೆ ದಡದ ಟ್ರೆವರ್‌ನಲ್ಲಿಯೇ ಕುಳಿತು ದೋಣಿಗಳನ್ನು ನೋಡಬಹುದು.