ಕೀ ಕೊಡುವ ಹಳೆಯ ವಾಚನ್ನು ಯಾರ ಕೈಗೆ ಒಪ್ಪಿಸಬೇಕು?

ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ, ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲಾಗಲಿ ವಾಚಿನ ಅಂಗಡಿಗಳಿಗೇನೂ ಕೊರತೆಯಿಲ್ಲ. ಆದರೆ ಸೆಲ್ ಹಾಕುವುದು, ಬೆಲ್ಟ್ ಬದಲಿಸುವುದು ಒಂದು ಕೆಲಸ. ಕೀ ಕೊಡುವ ವಾಚನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಜೋಡಿಸುವುದು ಬೇರೆಯದೇ ಕೆಲಸ. ಆದ್ದರಿಂದ ಅಂಗಡಿಗೆ ಹೋದಾಗ "ರಿಪೇರಿ ಮಾಡುತ್ತೀರಾ?" ಎಂದಷ್ಟೇ ಕೇಳದೆ, "ಪೂರ್ತಿ ಬಿಚ್ಚಿ ಸರ್ವಿಸ್ ಮಾಡುವವರು ನೀವೇನಾ, ಅಥವಾ ಬೇರೆಯವರಿಗೆ ಕಳಿಸುತ್ತೀರಾ?" ಎಂದು ಕೇಳಬೇಕು. ಕಳಿಸುವುದರಲ್ಲಿ ತಪ್ಪಿಲ್ಲವಾದರೂ ವಾಚು ಯಾರ ಕೈ ಸೇರುತ್ತದೆ ಎಂಬುದು ನಮಗೆ ತಿಳಿದಿರಬೇಕು.

ನಮ್ಮ ಭಾಗದ ಮನೆಗಳಲ್ಲಿ ಉಳಿದಿರುವ ಹಳೆಯ ವಾಚುಗಳಲ್ಲಿ ಎಚ್‌ಎಂಟಿಯವೇ ಹೆಚ್ಚು ಕಾಣಸಿಗುತ್ತವೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, ಮುಂದೆ ತುಮಕೂರಿಗೂ ಹಬ್ಬಿದ ಆ ಉದ್ಯಮವನ್ನು 2016ರಲ್ಲಿ ಮುಚ್ಚಲಾಯಿತು. ಆದರೂ ಎಚ್‌ಎಂಟಿ ವಾಚು ಇರುವವರು ಎದೆಗುಂದಬೇಕಿಲ್ಲ. ಜನತಾ, ಪೈಲಟ್‌ನಂಥ ಮಾದರಿಗಳ ಒಳಗಿನ ಯಂತ್ರ ಬಹುತೇಕ ಒಂದೇ ಬಗೆಯದಾದ್ದರಿಂದ, ಅನುಭವಿ ರಿಪೇರಿಯವರ ಡಬ್ಬಿಯಲ್ಲಿ ಅದರ ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಫಾವ್ರ್ ಲ್ಯೂಬಾ, ವೆಸ್ಟ್ ಎಂಡ್‌ನಂಥ ಸ್ವಿಸ್ ವಾಚುಗಳಾದರೆ, ಬಿಡಿಭಾಗ ಎಲ್ಲಿಂದ ತರುತ್ತೀರಿ ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ರಿಪೇರಿಯವರು ಕೂರುವ ಜಾಗವನ್ನು ಒಂದು ನಿಮಿಷ ಗಮನಿಸಿ. ಬಿಚ್ಚಿದ ಭಾಗಗಳ ಮೇಲೆ ಗಾಜಿನ ಮುಚ್ಚಳ ಇದೆಯೇ, ಸ್ಕ್ರೂಡ್ರೈವರ್‌ಗಳ ತುದಿ ಸರಿಯಾಗಿದೆಯೇ, ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ನಿಧಾನವಾಗಿ ನೋಡುತ್ತಾರೆಯೇ ಎಂಬುದು ಅವರ ಕೈಯ ಶಿಸ್ತನ್ನು ಹೇಳುತ್ತದೆ. ವಾಚಿನ ಓಟವನ್ನು ಸದ್ದಿನಿಂದಲೇ ಅಳೆಯುವ ಟೈಮ್‌ಗ್ರಾಫರ್ ಯಂತ್ರವಿದ್ದರೆ ಇನ್ನೂ ಒಳ್ಳೆಯದು. ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ 5 ಬಾರಿ ಮಿಡಿಯಬೇಕಾದ ವಾಚು ಎಲ್ಲಿ ತಪ್ಪುತ್ತಿದೆ ಎಂಬುದು ಅದರಲ್ಲಿ ಕಾಣುತ್ತದೆ. ಆ ಯಂತ್ರವಿಲ್ಲದೆಯೂ ಕಿವಿ ಮತ್ತು ಕಣ್ಣಿನಿಂದಲೇ ಬ್ಯಾಲೆನ್ಸ್ ಚಕ್ರದ (ಅತ್ತಿತ್ತ ತೂಗುತ್ತಾ ವಾಚಿನ ಲಯ ಕಾಯುವ ಚಕ್ರ) ತೊಂದರೆ ಹಿಡಿಯುವ ಹಿರಿಯರನ್ನು ನಾನು ಕಂಡಿದ್ದೇನೆ. ಅಂಥವರನ್ನು ಯಂತ್ರವಿಲ್ಲ ಎಂಬ ಒಂದೇ ಕಾರಣಕ್ಕೆ ಬಿಡಬಾರದು. ಬಿಚ್ಚದೆಯೇ ಮೇಲಿಂದ ಎಣ್ಣೆ ಬಿಟ್ಟು ಓಡಿಸಿಕೊಡುತ್ತೇನೆ ಎನ್ನುವವರಿಗೆ ಮಾತ್ರ ವಾಚು ಕೊಡಬೇಡಿ. ಒಣಗಿದ ಹಳೆಯ ಎಣ್ಣೆಯೊಳಗೆ ದೂಳು ಸೇರಿರುತ್ತದೆ, ಅದರ ಮೇಲೆ ಹೊಸ ಎಣ್ಣೆ ಬಿದ್ದರೆ ಅಚ್ಚುಗಳು ಸವೆಯುತ್ತಲೇ ಹೋಗುತ್ತವೆ.

ಕೊಡುವ ಮೊದಲು ಡಯಲ್ಲು, ಮುಳ್ಳುಗಳು, ಕೀ ತಿರುಪು, ಹಿಂಬದಿಯ ಮುಚ್ಚಳ ಎಲ್ಲದರ ಫೋಟೋ ತೆಗೆದುಕೊಂಡು, ಅವರೆದುರಿಗೇ ಹಿಂಬದಿ ತೆರೆಸಿ ಒಳಗಿನ ಯಂತ್ರದ ಫೋಟೋವನ್ನೂ ಇಟ್ಟುಕೊಳ್ಳಿ. ಡಯಲ್ಲನ್ನು ಮುಟ್ಟಬಾರದು, ಪಾಲಿಶ್ ಮಾಡಬಾರದು, ತೆಗೆದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕು ಎಂಬುದನ್ನು ಚೀಟಿಯಲ್ಲಿಯೇ ಬರೆಸಿ. ಇಷ್ಟು ಒತ್ತಿ ಹೇಳಲು ಕಾರಣವಿದೆ: ನನ್ನ ತಂದೆಯವರ ಜನತಾ ವಾಚನ್ನು ಒಮ್ಮೆ ಒಂದು ಅಂಗಡಿಗೆ ಕೊಟ್ಟಾಗ, ಹೊಸದಾಗಿ ಕಾಣಲೆಂದು ಅವರು ಡಯಲ್ಲಿಗೆ ಮತ್ತೆ ಬಣ್ಣ ಹೊಡೆಸಿಬಿಟ್ಟರು. ಅಪ್ಪ ಮೂವತ್ತು ವರ್ಷ ನೋಡಿದ್ದ, ಅಂಚಿನಲ್ಲಿ ಹಳದಿಗಟ್ಟಿದ್ದ ಆ ಮುಖ ಮತ್ತೆ ಸಿಗಲಿಲ್ಲ.

ಮನೆಯಲ್ಲಿ ಎರಡು ವಾಚುಗಳಿದ್ದರೆ ಅಷ್ಟೇನೂ ಅಕ್ಕರೆಯಿಲ್ಲದ್ದನ್ನು ಮೊದಲು ಕೊಟ್ಟು ಪರೀಕ್ಷಿಸುವುದು ಜಾಣತನ. ಊರಿನಲ್ಲಿ ಯಾರೂ ಒಪ್ಪದಿದ್ದರೆ ಬೆಂಗಳೂರಿಗೆ ಹೋಗುವಾಗ ನೀವೇ ಒಯ್ಯಿರಿ. ಕೊರಿಯರ್ ಅನಿವಾರ್ಯವಾದರೆ ಗಟ್ಟಿ ಡಬ್ಬಿಯಲ್ಲಿ ಮೆತ್ತನೆಯ ಬಟ್ಟೆ ಸುತ್ತಿ, ವಿಮೆ ಮಾಡಿಸಿ ಕಳಿಸಿ.

ವಾಚು ಹಿಂದಿರುಗಿದ ಮೇಲೆ ಒಂದು ವಾರ ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಟ್ಟು, ಫೋನಿನ ಸಮಯದೊಂದಿಗೆ ಹೋಲಿಸಿ ಬರೆದಿಡಿ. ದಿನಕ್ಕೆ ಅರ್ಧ ನಿಮಿಷದಷ್ಟು ವ್ಯತ್ಯಾಸ ಹಳೆಯ ವಾಚಿಗೆ ಸಹಜ. ಇದ್ದಕ್ಕಿದ್ದಂತೆ ಹಲವು ನಿಮಿಷ ಮುಂದೆ ಓಡುತ್ತಿದ್ದರೆ ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ತೆಳು ಸುರುಳಿಯಾದ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತದ ಗುಣ ತಗುಲಿರಬಹುದು. ಅದನ್ನು ತೆಗೆಯುವುದು ಕೆಲವೇ ಕ್ಷಣಗಳ ಕೆಲಸವಾದ್ದರಿಂದ, ಬರೆದಿಟ್ಟ ಚೀಟಿಯೊಂದಿಗೆ ಅದೇ ರಿಪೇರಿಯವರ ಬಳಿಗೆ ಹೋಗಿ ತೋರಿಸಿ.