ಅರ್ಜಿಗಿಂತ ಮೊದಲು ಹೆಸರು: ಅತ್ತೆ, ಮೈದುನರ ಪಿಂಚಣಿಗಾಗಿ ಓಡಾಡಿದ ನನ್ನ ಅನುಭವ

2021ರ ಮಳೆಗಾಲದಲ್ಲಿ ನಮ್ಮ ಮಾವ ತೀರಿಕೊಂಡರು. ತಿಥಿ ಮುಗಿದ ಮೇಲೆ ಅವರ ಟ್ರಂಕು ತೆಗೆದಾಗ ಪಹಣಿ, ಸೊಸೈಟಿ ಸಾಲದ ರಸೀದಿಗಳ ಅಡಿಯಲ್ಲಿ ಮೈದುನನ ಅಂಗವಿಕಲ ವೇತನದ ಆದೇಶ, ಅದರ ಪಾಸ್‌ಬುಕ್ ಮತ್ತು ಫೋಟೋ ಅಂಟಿಸಿದ ಹಳೆಯ ಗುರುತಿನ ಪುಸ್ತಕ ಸಿಕ್ಕವು. ಬೇಲೂರು ತಾಲ್ಲೂಕಿನ ಮಲೆನಾಡಿನ ಅಂಚಿನ ಹಳ್ಳಿ ನಮ್ಮದು; ಒಂದೂವರೆ ಎಕರೆ ಕಾಫಿ, ಮರಗಳಿಗೆ ಹಬ್ಬಿದ ಮೆಣಸು, ಅಷ್ಟೇ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಸೆರೆಬ್ರಲ್ ಪಾಲ್ಸಿಗೆ ಒಳಗಾದ ಮೈದುನನಿಗೆ ಆಗ ಮೂವತ್ತೊಂದು ವರ್ಷ. ಅವನ ಊಟ, ಸ್ನಾನ, ಬಟ್ಟೆ ನನ್ನ ಪಾಲಿಗೆ ಬಂದು ಎಂಟು ವರ್ಷವಾಗಿತ್ತು, ಆದರೆ ಅವನ ಕಾಗದಪತ್ರಗಳನ್ನು ಮಾವ ಯಾರ ಕೈಗೂ ಕೊಟ್ಟವರಲ್ಲ. ಆ ದಿನದಿಂದ ಅವೂ ನನ್ನ ಪಾಲಿಗೆ ಬಂದವು.

ನಮ್ಮ ಮನೆಗೆ ಬರಬೇಕಾದ ಪಿಂಚಣಿಗಳು ಎರಡು: ಮೈದುನನಿಗೆ ಅಂಗವಿಕಲ ವೇತನ ಮುಂದುವರಿಯಬೇಕಿತ್ತು, ಅತ್ತೆಗೆ ವೃದ್ಧಾಪ್ಯದ್ದೋ ವಿಧವೆಯರದ್ದೋ ಒಂದು ಹೊಸದಾಗಿ ಆಗಬೇಕಿತ್ತು. ಅದೇ ಜುಲೈ 28ರಂದು ಬಸವರಾಜ ಬೊಮ್ಮಾಯಿ ಅವರು ಮುಖ್ಯಮಂತ್ರಿಯಾದ ದಿನವೇ ಮೊತ್ತಗಳನ್ನು ಏರಿಸಿದ್ದರು: 65 ತುಂಬಿದವರ ವೃದ್ಧಾಪ್ಯ ವೇತನವಾದ ಸಂಧ್ಯಾ ಸುರಕ್ಷಾ 1,000ದಿಂದ 1,200 ರೂಪಾಯಿಗೆ, ವಿಧವಾ ವೇತನ 600ರಿಂದ 800ಕ್ಕೆ, ಶೇಕಡಾ 40ರಿಂದ 75ರವರೆಗಿನ ವೈಕಲ್ಯದವರ ವೇತನವೂ 600ರಿಂದ 800ಕ್ಕೆ. ಶೇಕಡಾ 75 ದಾಟಿದವರಿಗೆ 1,400 ರೂಪಾಯಿ ಇತ್ತು. ಇಷ್ಟನ್ನು ನಾನು ಒಂದು ಹಾಳೆಯಲ್ಲಿ ಬರೆದುಕೊಂಡು, ಆಧಾರ್ ಮತ್ತು ಪಡಿತರ ಚೀಟಿಯ ನೆರಳಚ್ಚು ಹಿಡಿದು ನೇರವಾಗಿ ನಾಡಕಚೇರಿಗೆ ಹೋದೆ. ಅದೇ ನನ್ನ ಮೊದಲ ತಪ್ಪು.

ಅತ್ತೆಯ ಹೆಸರಿನ ಕೊನೆಯಲ್ಲಿ ಪಡಿತರ ಚೀಟಿಯಲ್ಲಿ "ಅಮ್ಮ" ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಮಾವನ ಹೆಸರಿಗೆ ಪಹಣಿಯಲ್ಲಿ "ಗೌಡ" ಇತ್ತು, ಮರಣ ಪ್ರಮಾಣಪತ್ರದಲ್ಲಿ ಬಿಟ್ಟುಹೋಗಿತ್ತು. ಆದ್ದರಿಂದ ಅತ್ತೆ ಯಾರ "ಕೋಂ" (ಹೆಂಡತಿ) ಎಂಬುದೇ ಎರಡು ಕಾಗದಗಳಲ್ಲಿ ಎರಡು ತೆರನಾಗಿ ಕಾಣುತ್ತಿತ್ತು. ಊರಿನಲ್ಲಿ ಇಂತಹದನ್ನು ಯಾರೂ ಎಣಿಸುವುದಿಲ್ಲ, ಆದರೆ ಕಂಪ್ಯೂಟರು ಎಣಿಸುತ್ತದೆ. ಅರ್ಜಿ ತಿರಸ್ಕೃತವಾದ ಮೇಲೆ ನಾನು ಕಲಿತ ಕ್ರಮ ಹೀಗಿದೆ: ಮನೆಯ ಪ್ರತಿಯೊಂದು ದಾಖಲೆಯನ್ನೂ ನೆಲದ ಮೇಲೆ ಹರಡಿ, ಪ್ರತಿಯೊಬ್ಬರ ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ತಾರೀಖು, ವಿಳಾಸ ಎಲ್ಲಿ ಹೇಗಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು, ಆಮೇಲೆ ಆಧಾರ್‌ನಲ್ಲಿರುವುದೇ ಗಟ್ಟಿ ಎಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು. ಆಧಾರ್ ಅನ್ನೇ ತಿದ್ದಿಸಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ಅದರಲ್ಲಿ ಹೆಸರನ್ನು ಎರಡು ಬಾರಿ, ಹುಟ್ಟಿದ ತಾರೀಖನ್ನು ಒಂದೇ ಬಾರಿ ಬದಲಾಯಿಸಲು ಅವಕಾಶ, ಹಾಗಾಗಿ ಅದನ್ನು ಕೊನೆಯ ಅಸ್ತ್ರವಾಗಿ ಉಳಿಸಿಕೊಳ್ಳುವುದು ಕ್ಷೇಮ. ಮರಣ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗಳೇ ತಿದ್ದಿಕೊಡಲು ಕಾನೂನಿನಲ್ಲಿ ಅವಕಾಶವಿದೆ. ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ ಮತ್ತು ಪಹಣಿಯನ್ನು ಜೊತೆಗಿಟ್ಟು ಕೊಟ್ಟಾಗ ನಮ್ಮದು ಆಯಿತು.

ಹೆಸರು ಸರಿಹೋದ ಮೇಲೆ ವಯಸ್ಸು ಎದುರಾಯಿತು. ಅತ್ತೆಯ ಆಧಾರ್‌ನಲ್ಲಿ ಹುಟ್ಟಿದ ದಿನ 1962ರ ಜನವರಿ 1 ಎಂದಿತ್ತು. ವಯಸ್ಸನ್ನು ಅಂದಾಜಿನಲ್ಲಿ ಬರೆಸಿದವರಿಗೆಲ್ಲ ಬಿದ್ದ ಜನವರಿ 1 ಅದು. ನನ್ನ ದೊಡ್ಡ ನಾದಿನಿ ಹುಟ್ಟಿದ್ದು 1975ರಲ್ಲಿ ಎಂದು ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹೇಳುತ್ತದೆ. ಹಾಗಾದರೆ ಅತ್ತೆ ಹದಿಮೂರಕ್ಕೇ ತಾಯಿಯಾಗಿರಬೇಕು, ಆದರೆ ಅವರ ಮದುವೆಯಾದದ್ದೇ ಹದಿನೆಂಟಕ್ಕೆ ಎಂದು ಅವರ ಅಣ್ಣಂದಿರು ಹೇಳುತ್ತಾರೆ. ಮತದಾರರ ಗುರುತಿನ ಚೀಟಿಯ ಲೆಕ್ಕಕ್ಕೆ ಆ ವರ್ಷ ಅವರಿಗೆ 65 ಆಗಿತ್ತು, ಸಂಧ್ಯಾ ಸುರಕ್ಷಾ ಸಿಗಬೇಕಿತ್ತು. "ಯಾವ್ದೋ ಒಂದ್ ವಯಸ್ಸು ಹಾಕವ್ವ, ನಂಗೇನ್ ಗೊತ್ತು" ಎಂದು ಅವರು ಎಲೆ ಅಡಿಕೆ ಹಾಕಿಕೊಂಡು ಕೂತರು. ಶಾಲೆಯ ಮೆಟ್ಟಿಲು ಹತ್ತದ, ಜನನ ದಾಖಲೆಯೇ ಇಲ್ಲದ ಹೆಂಗಸಿನ ವಯಸ್ಸನ್ನು ಆಧಾರ್‌ನಲ್ಲಿ ತಿದ್ದಿಸುವುದು ಎಷ್ಟು ದಿನದ ಕೆಲಸವೆಂದು ವಿಚಾರಿಸಿದ ಮೇಲೆ ನಾನು ಆ ಜಗಳಕ್ಕೆ ಹೋಗಲಿಲ್ಲ. ವಿಧವಾ ವೇತನಕ್ಕೆ ವಯಸ್ಸಿನ ತಕರಾರಿಲ್ಲ, ಗಂಡನ ಮರಣ ಪ್ರಮಾಣಪತ್ರ ಮತ್ತು ಆದಾಯ ಪ್ರಮಾಣಪತ್ರ ಸಾಕು. ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ ಎಂಬ ನಿಯಮ ಇರುವುದರಿಂದ ಅದನ್ನು ಆರಿಸಿಕೊಂಡರೆ ತಿಂಗಳಿಗೆ 400 ರೂಪಾಯಿ ಕಡಿಮೆ, ಐದು ವರ್ಷಕ್ಕೆ 24,000 ರೂಪಾಯಿ ನಷ್ಟ. ಆದರೂ ಕೈಗೆ ಬರುವ 800 ರೂಪಾಯಿ, ವಾದ ಗೆದ್ದರೆ ಬರಬಹುದಾದ 1,200ಕ್ಕಿಂತ ಲೇಸು ಎಂದು ತೀರ್ಮಾನಿಸಿದೆ. ಬೇರೆಯವರ ಮನೆಯಲ್ಲಿ ಈ ಲೆಕ್ಕ ಬೇರೆಯಾಗಬಹುದು. ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ಮಹಜರು ಮಾಡಿದರು, ರಾಜಸ್ವ ನಿರೀಕ್ಷಕರ ವರದಿ ಹೋಯಿತು, ಆದೇಶ ಬಂತು.

ಮೈದುನನದು ಇದಕ್ಕಿಂತ ತೊಡಕಿನ ವಿಷಯ. ಅವನ ಹಣ ಖಾತೆಗೆ ತಪ್ಪದೆ ಜಮೆಯಾಗುತ್ತಿತ್ತು, ಆದರೆ ಅದನ್ನು ತೆಗೆಯುವ ಹಕ್ಕು ಇದ್ದದ್ದು ಪೋಷಕರೆಂದು ಸಹಿ ಹಾಕುತ್ತಿದ್ದ ಮಾವನಿಗೆ ಮಾತ್ರ. ನಾವು ಖಾತೆ ಇಟ್ಟಿದ್ದ ಬ್ಯಾಂಕಿನವರು ಮೂವತ್ತು ದಾಟಿದವನಿಗೆ ಪೋಷಕರು ಯಾಕೆ ಎಂದು ಒಮ್ಮೆ, ಅವನೇ ಸಹಿ ಮಾಡಲಿ ಎಂದು ಇನ್ನೊಮ್ಮೆ ಹೇಳಿ ಮೂರು ತಿಂಗಳು ಅಲೆಸಿದರು. ಕೊನೆಗೆ ದಾರಿ ತೋರಿಸಿದವರು ನಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಈ ಕೆಲಸಕ್ಕೆ ಅಂಗವಿಕಲರನ್ನೇ ನೇಮಿಸಿಕೊಳ್ಳುವುದು ನಮ್ಮ ರಾಜ್ಯದ ಕ್ರಮ. ಊರುಗೋಲು ಹಿಡಿದು ಮನೆಮನೆಗೆ ಬರುವ ಈ ಹುಡುಗನಿಗೆ ಗೊತ್ತಿದ್ದಷ್ಟು ಕಾನೂನು ನನಗೆ ಬೇರೆ ಯಾವ ಮೇಜಿನ ಹಿಂದೆಯೂ ಸಿಗಲಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಂತೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯ ಇರುವವರಿಗೆ ಹದಿನೆಂಟು ತುಂಬಿದ ಮೇಲೂ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಇದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಿಲ್ಲ, ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು. ಅಲ್ಲಿ ಸಿಗುವ ಪೋಷಕತ್ವದ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ.

ಯಾರನ್ನು ಪೋಷಕರೆಂದು ಹಾಕುವುದು ಎಂಬುದನ್ನು ಮನೆಯಲ್ಲಿ ಒಂದು ರಾತ್ರಿ ಕೂತು ಮಾತಾಡಿದೆವು. ಹೆತ್ತ ತಾಯಿ ಇರುವಾಗ ಬೇರೆಯವರು ಯಾಕೆ ಎಂದು ನಾದಿನಿಯರು ಕೇಳಿದರು. ಅತ್ತೆಯ ಹೆಸರಿಗೆ ಮಾಡಿದರೆ ಮಾವನ ಹೆಸರಿಗಿದ್ದಾಗ ಆದ ಕಥೆಯೇ ಹತ್ತು ವರ್ಷಕ್ಕೆ ಮತ್ತೆ ಆಗುತ್ತದೆ ಎಂದು ನಾನು ಹೇಳಿದೆ. ಅತ್ತೆ ಅರ್ಜಿದಾರರಾಗಿ ಹೆಬ್ಬೆಟ್ಟು ಒತ್ತಿ, ನಮ್ಮ ಯಜಮಾನರನ್ನು ಪೋಷಕರನ್ನಾಗಿ ನೇಮಿಸಲು ಕೇಳಿಕೊಂಡರು. ಹಾಗೆ ನೇಮಕಗೊಂಡವರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕವನ್ನೂ ಒಪ್ಪಿಸಬೇಕು. ಇದನ್ನು ಹೆಚ್ಚಿನವರು ಮರೆಯುತ್ತಾರೆ. ನಾನು ಔಷಧಿ, ಡಯಾಪರ್, ಆಟೋ ಬಾಡಿಗೆಯ ಚೀಟಿಗಳನ್ನು ಕಾಫಿ ಪುಡಿಯ ಡಬ್ಬಿಯಲ್ಲಿ ಹಾಕಿಡುತ್ತೇನೆ, ಏಪ್ರಿಲ್‌ನಲ್ಲಿ ಒಂದು ಸಂಜೆ ಕೂತು ಬರೆಯುತ್ತೇನೆ.

ಇದರ ನಡುವೆ ಆ ಹಳೆಯ ಗುರುತಿನ ಪುಸ್ತಕವನ್ನು ಬದಲಾಯಿಸಬೇಕಾಯಿತು. 2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನು ಯು.ಡಿ.ಐ.ಡಿ., ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ ಜಾಲತಾಣದ ಮೂಲಕವೇ ಕೊಡಬೇಕೆಂದಾಗಿತ್ತು. ಹಳೆಯದರಲ್ಲಿ ಶೇಕಡಾ 70 ಎಂದಿತ್ತು, ಅದನ್ನೇ ಹೊಸ ಕಾರ್ಡಿಗೆ ಏರಿಸಿಬಿಡೋಣ ಎಂದುಕೊಂಡಿದ್ದೆ. ವಿ.ಆರ್.ಡಬ್ಲ್ಯೂ. ತಡೆದರು. ಆ 70 ಕೈಕಾಲಿನದು ಮಾತ್ರ, ಬುದ್ಧಿಶಕ್ತಿಯ ಪರೀಕ್ಷೆಯನ್ನು ಯಾವಾಗಲಾದರೂ ಮಾಡಿಸಿದ್ದೀರಾ ಎಂದು ಕೇಳಿದರು. ಮಾಡಿಸಿರಲಿಲ್ಲ. ಬಾಡಿಗೆಯ ಓಮ್ನಿಯಲ್ಲಿ ಮೈದುನನನ್ನು ಮಲಗಿಸಿಕೊಂಡು ಹಾಸನಕ್ಕೆ ಎರಡು ಸಲ ಹೋದೆವು, ಒಮ್ಮೆ ಮೂಳೆ ವೈದ್ಯರಿಗೆ, ಇನ್ನೊಮ್ಮೆ ಮನಶ್ಶಾಸ್ತ್ರಜ್ಞರಿಗೆ. ಕೈಕಾಲಿನದು 70, ಸೌಮ್ಯ ಬೌದ್ಧಿಕ ವೈಕಲ್ಯಕ್ಕೆ 50 ಎಂದು ಬಂತು. ಎರಡನ್ನೂ ಕೂಡಿದರೆ 120 ಆಗುತ್ತದಲ್ಲ ಎಂದು ನಾನು ಪೆದ್ದಿಯಂತೆ ಕೇಳಿದ್ದಕ್ಕೆ ವೈದ್ಯರು ನಕ್ಕು, ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು: 90ರಲ್ಲಿ ದೊಡ್ಡ ಅಂಕವನ್ನು ಕಳೆಯಬೇಕು, ಉಳಿದ 20ನ್ನು ಚಿಕ್ಕ ಅಂಕವಾದ 50ರಿಂದ ಗುಣಿಸಿ 90ರಿಂದ ಭಾಗಿಸಬೇಕು, ಬಂದ 11ನ್ನು 70ಕ್ಕೆ ಸೇರಿಸಬೇಕು. ಒಟ್ಟು 81. ಶೇಕಡಾ 40ರಿಂದ 80ರ ಒಳಗಿನವರಿಗೆ ಹಳದಿ ಕಾರ್ಡು, 80 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ನೀಲಿ ಕಾರ್ಡು. ಮೈದುನನಿಗೆ ನೀಲಿ ಬಂತು. ಹೊಸ ಪ್ರಮಾಣಪತ್ರವನ್ನು ನಾಡಕಚೇರಿಗೆ ಕೊಟ್ಟ ಮೇಲೆ 800 ರೂಪಾಯಿ 1,400 ಆಯಿತು. ಹಿಂಬಾಕಿ ಬರಲಿಲ್ಲ. ಅಷ್ಟು ವರ್ಷ ಒಂದು ಪರೀಕ್ಷೆ ಮಾಡಿಸದೆ ಕಳೆದುಕೊಂಡದ್ದು ಎಷ್ಟು ಎಂದು ನಾನು ಲೆಕ್ಕ ಹಾಕಲು ಹೋಗಿಲ್ಲ. ಒಂದಕ್ಕಿಂತ ಹೆಚ್ಚು ವೈಕಲ್ಯ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರು ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅಳೆಸಬೇಕೆಂದು ಮಾತ್ರ ಒತ್ತಿ ಹೇಳುತ್ತೇನೆ.

ಇಷ್ಟಾಗಿ ಎಲ್ಲ ಸರಿಹೋಯಿತು ಎನ್ನುವಾಗ 2023ರಲ್ಲಿ ಅತ್ತೆಯ ವಿಧವಾ ವೇತನ ನಿಂತುಹೋಯಿತು. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಹೊಸದೇನೂ ಇಲ್ಲ. ಕಚೇರಿಯಲ್ಲಿ ಕೇಳಿದರೆ ಹಣ ಪಾವತಿಯಾಗಿದೆ ಎನ್ನುತ್ತಾರೆ. ಬ್ಯಾಂಕಿನಲ್ಲಿ ಕೇಳಿದರೆ ಬಂದೇ ಇಲ್ಲ ಎನ್ನುತ್ತಾರೆ. ಇಬ್ಬರು ಹೇಳಿದ್ದೂ ನಿಜ ಎಂದು ಗೊತ್ತಾಗಲು ಆರು ವಾರ ಹಿಡಿಯಿತು. ಆಗಸ್ಟ್ 30ರಂದು ಗೃಹಲಕ್ಷ್ಮಿ ಆರಂಭವಾಗುವ ಹೊತ್ತಿಗೆ, ಪಡಿತರ ಚೀಟಿಯಲ್ಲಿ ಯಜಮಾನಿಯಾದ ಅತ್ತೆಗೆ ನಾವು ಅಂಚೆ ಕಚೇರಿಯಲ್ಲಿ ಒಂದು ಹೊಸ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಿದ್ದೆವು. ನೇರ ನಗದು ವರ್ಗಾವಣೆಯ ಹಣ ಹೋಗುವುದು ಪಾಸ್‌ಬುಕ್ಕಿನ ಸಂಖ್ಯೆ ನೋಡಿಕೊಂಡಲ್ಲ, ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕು ಸೀಡ್ ಆಗಿದೆಯೋ, ಅಂದರೆ ಸರ್ಕಾರದ ಹಣ ಪಡೆಯಲು ಜೋಡಣೆಯಾಗಿದೆಯೋ, ಅಲ್ಲಿಗೆ. ಆಧಾರ್ ಲಿಂಕ್ ಆಗಿದೆ ಎಂದು ಬ್ಯಾಂಕಿನವರು ಹೇಳುವುದು ಅವರ ಪುಸ್ತಕದ ಮಾತು, ಒಂದು ಆಧಾರ್ ಎಷ್ಟು ಖಾತೆಗೆ ಬೇಕಾದರೂ ಲಿಂಕ್ ಆಗಬಹುದು. ಸೀಡ್ ಆಗಿರುವುದು ಮಾತ್ರ ಒಂದೇ ಬ್ಯಾಂಕಿಗೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬ ಕಡೆ ಅತ್ತೆಯ ಸಂಖ್ಯೆ ಹಾಕಿ, ಅವರ ಫೋನಿಗೆ ಬಂದ ಒ.ಟಿ.ಪಿ. ಒತ್ತಿದಾಗ ಅಂಚೆ ಬ್ಯಾಂಕಿನ ಹೆಸರು ಕಾಣಿಸಿತು. ಪಿಂಚಣಿ ಅಷ್ಟೂ ತಿಂಗಳು ಅಲ್ಲಿ ಸುಮ್ಮನೆ ಕೂತಿತ್ತು. ಈಗ ನಮ್ಮ ಬೀದಿಯಲ್ಲಿ ಯಾರ ಪಿಂಚಣಿ ನಿಂತರೂ ಅರ್ಜಿ ಬರೆಯುವ ಮೊದಲು ಇದನ್ನು ನೋಡಿಕೊಡುತ್ತೇನೆ. ಹತ್ತಿರದವರಲ್ಲಿ ನಾಲ್ವರ ಹಣ ಹೀಗೇ ಸಿಕ್ಕಿದೆ. ತೋಟದ ಕೆಲಸದಲ್ಲಿ ಬೆರಳು ಸವೆದವರ ಹೆಬ್ಬೆಟ್ಟು ಯಂತ್ರಕ್ಕೆ ಹತ್ತದೆ ಹಣ ತೆಗೆಯಲಾಗದಿರುವುದು ಇನ್ನೊಂದು ಕಷ್ಟ. ಅತ್ತೆಯ ಎಡಗೈ ಉಂಗುರ ಬೆರಳು ಮಾತ್ರ ಹತ್ತುತ್ತದೆ, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ನೋಡಿಕೊಳ್ಳುವವರಿಗೂ ಏನಾದರೂ ಉಂಟೇ ಎಂದು ಯಾರೋ ಕೇಳುವವರೆಗೆ ನಾನೇ ಕೇಳಿಕೊಂಡಿರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಕಲಮು ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನು ಆಡುತ್ತದೆ. ನಮ್ಮ ರಾಜ್ಯ ಸರ್ಕಾರವೂ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್‌ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನವನ್ನು ಘೋಷಿಸಿದೆ. ಅದೇ ಕಲಮು ಅಂಗವಿಕಲರಿಗೆ ಕೊಡುವ ನೆರವು ಇತರರಿಗೆ ಇರುವ ಅಂತಹುದೇ ಯೋಜನೆಗಿಂತ ಕನಿಷ್ಠ ಶೇಕಡಾ 25 ಹೆಚ್ಚಿರಬೇಕು ಎನ್ನುತ್ತದೆ. ಶೇಕಡಾ 75ರೊಳಗಿನವರ 800 ರೂಪಾಯಿ, ಸಂಧ್ಯಾ ಸುರಕ್ಷಾದ 1,200ಕ್ಕಿಂತ ಹೇಗೆ ಹೆಚ್ಚಾಗುತ್ತದೆ ಎಂಬ ಲೆಕ್ಕವನ್ನು ಮಾತ್ರ ನನಗೆ ಯಾರೂ ಕಾಗದದ ಮೇಲೆ ಮಾಡಿ ತೋರಿಸಿಲ್ಲ. ನನ್ನ ಅರ್ಜಿಯನ್ನು ನೀಲಿ ಕಾರ್ಡಿನ ನಕಲಿನೊಂದಿಗೆ ವಿ.ಆರ್.ಡಬ್ಲ್ಯೂ. ಕೈಗೆ ಕೊಟ್ಟಿದ್ದೇನೆ. ಕೊಡುವ ಮೊದಲು ನನ್ನ ಹೆಸರು ಆಧಾರ್‌ನಲ್ಲಿ, ಪಡಿತರ ಚೀಟಿಯಲ್ಲಿ, ಪಾಸ್‌ಬುಕ್ಕಿನಲ್ಲಿ ಒಂದೇ ರೀತಿ ಇದೆಯೇ ಎಂದು ನೋಡಿದೆ. ಇರಲಿಲ್ಲ, ತವರಿನ ಇನಿಷಿಯಲ್ ಒಂದರಲ್ಲಿ ಉಳಿದುಬಿಟ್ಟಿತ್ತು. ಅದನ್ನು ತಿದ್ದಿಸಿಕೊಂಡೇ ಕೊಟ್ಟೆ.

ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ನಮ್ಮದು ಮುಗಿಯುವ ತಿಂಗಳನ್ನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿದೆ. 2027ರ ಜನವರಿ 1ಕ್ಕೆ ಆಧಾರ್ ಲೆಕ್ಕದಲ್ಲಿ ಅತ್ತೆಗೆ 65 ತುಂಬುತ್ತದೆ. ವಿಧವಾ ವೇತನ ಬಿಟ್ಟು ಸಂಧ್ಯಾ ಸುರಕ್ಷಾಕ್ಕೆ ಬದಲಾಯಿಸಲು ಬೇಕಾದ ಕಾಗದಗಳನ್ನು ಒಂದು ಫೈಲಿನಲ್ಲಿ ಜೋಡಿಸಿ, ಮೇಲೆ ಆ ತಾರೀಖನ್ನು ಬರೆದು, ಮಾವನ ಟ್ರಂಕಿನಲ್ಲೇ ಇಟ್ಟಿದ್ದೇನೆ.